ಕೈ ಹಿಡೀಲೇನು ಅಂತ ಮೊದ್ಲ ಕೇಳ್ರಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹೋದ ಸಂಚಿಕ್ಯಾಗ ಡಿಪ್ರೆಶನ್‌ಗೆ ಹೊರದೇಶದಾಗ ಕೊಡಾಕತ್ತಿರೋ ಸೈಕೆಡೆಲಿಕ್ ಚಿಕಿತ್ಸೆ, ಅಂದ್ರ ಕೆಲವು ತಾಸು ಮನಸ್ಸಿನ ಅನುಭವಾನ ಬದಲಿ ಮಾಡೂ ಔಷಧ ಕೊಟ್ಟು ಮಾಡೂ ಚಿಕಿತ್ಸೆ ಬಗ್ಗೆ ಒಬ್ಬರು ಕೇಳಿದ್ರು, ನಾ ನಾಕೇ ನಾಕು ಸಾಲಿನ ಉತ್ತರ ಬರದಿದ್ದೆ. ಅದರಾಗ "ಆ ಹೊತ್ತಿನ್ಯಾಗ ಥೆರಪಿಸ್ಟ್ ಕೈ ಹಿಡಕೊಂಡು ಕೂಡ್ತಾರ" ಅನ್ನೂ ಒಂದು ಮಾತು ಇತ್ತು. ಆ ಒಂದು ಮಾತಿಗೆ ಇಷ್ಟು ಪತ್ರ ಇಷ್ಟು ವಾಟ್ಸಾಪ್ ಬರ್ತಾವ ಅಂತ ನಂಗ ಅನಿಸಿರಲಿಲ್ಲ ನೋಡ್ರಿ. ಯಾರು ಹಿಡೀತಾರ, ಎಲ್ಲೆಲ್ಲಿ ಮುಟ್ತಾರ, ಹೆಣ್ಮಗಳಿಗೆ ಗಂಡಸು ಮುಟ್ತಾನೇನು, ಬ್ಯಾಡ ಅಂದ್ರ ಬಿಡ್ತಾರೇನು. ಎಲ್ಲಾ ಕೇಳಬೇಕಾದ ಪ್ರಶ್ನೆನ ಅದಾವ, ಹಿಂಗಾಗಿ ಈ ಸಲದ ಜಾಗಾ ಪೂರ್ತಿ ಇದಕ್ಕ ಇಟ್ಟೀನಿ. ಹೊಸದಾಗಿ ಓದೂವರಿಗೆ ಹೇಳ್ತೀನಿ, ನಾ ಡಾಕ್ಟರ್ ಅಲ್ಲ. ಮನೋರೋಗ ವಿಭಾಗದಾಗ ನರ್ಸ್ ಆಗಿ ದುಡದು ರಿಟೈರ್ ಆದಾಕಿ, ಈಗ ಧಾರವಾಡದಾಗ ಕೌನ್ಸೆಲಿಂಗ್ ಮಾಡ್ತೀನಿ. ಔಷಧದ ತೀರ್ಮಾನ ನಿಮ್ಮ ಡಾಕ್ಟರ್‌ದು. ಕೈ ಬಗ್ಗೆ ಮಾತ್ರ ನಾ ಗಟ್ಟಿಯಾಗಿ ಮಾತಾಡ್ತೀನಿ, ಯಾಕಂದ್ರ ಆ ಕೆಲಸಾನ ನಾ ಜೀವಮಾನಪೂರ್ತಿ ಮಾಡೀನಿ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನನ್ನ ತಂಗಿ ಮೆಲ್ಬರ್ನ್‌ನಾಗ ಇರ್ತಾಳ. ಮೂರು ವರ್ಷದಿಂದ ಡಿಪ್ರೆಶನ್, ಎರಡು ಮೂರು ಥರದ ಗುಳಿಗಿ ತಗೊಂಡು ನೋಡಿದ್ಲು, ಯಾವುದೂ ಹಿಡೀಲಿಲ್ಲ. ಈಗ ಅಲ್ಲಿ ಸೈಕಿಯಾಟ್ರಿಸ್ಟ್ ಸೈಲೊಸೈಬಿನ್ ಚಿಕಿತ್ಸೆ ಕೊಡೂಣು ಅಂದಾರ. ಆಕಿಗೆ ಕೊಟ್ಟ ಫಾರ್ಮ್‌ನಾಗ ಒಂದು ಪುಟ ಪೂರ್ತಿ ಸ್ಪರ್ಶದ ಬಗ್ಗೆನ ಐತಿ, ಕೈ ಹಿಡಿಬಹುದೇನು, ಭುಜದ ಮ್ಯಾಲ ಕೈ ಇಡಬಹುದೇನು ಅಂತ. ಏನು ಬರೀಲಿ ಅಂತ ತಂಗಿ ನಮ್ಮನ್ನ ಕೇಳಾಕತ್ತಾಳ. ನಮ್ಮವ್ವ ಗಾಬರಿ ಆಗ್ಯಾಳ, "ಎಚ್ಚರ ಇಲ್ಲದ ಹುಡುಗಿನ್ನ ಯಾರೋ ಮುಟ್ಟೂದು ಅಂದ್ರ ಅದೆಂಥಾ ಚಿಕಿತ್ಸೆ" ಅಂತಾಳ. ನಂಗೂ ಸಮಾಧಾನ ಇಲ್ಲ.
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಿಮ್ಮ ಅವ್ವಾರ ಗಾಬರಿ ಖರೇನ ಐತಿ, ಹಳೇ ಕಾಲದ ಬುದ್ಧಿ ಅಂತ ತಗದು ಹಾಕಬ್ಯಾಡ್ರಿ. ಆ ಪುಟ ಫಾರ್ಮ್‌ನಾಗ ಬಂದಿದ್ದ ಅಂಥಾ ಗಾಬರಿ ಸಲುವಾಗಿ.

ಮೊದ್ಲ ಆ ದಿನ ಹೆಂಗಿರ್ತೈತಿ ಹೇಳ್ತೀನಿ. ಆಸ್ಟ್ರೇಲಿಯಾದಾಗ 2023ರ ಜುಲೈ 1ರಿಂದ, ಪರವಾನಗಿ ಇರೋ ಸೈಕಿಯಾಟ್ರಿಸ್ಟ್ ಮಾತ್ರ, ಬ್ಯಾರೆ ಚಿಕಿತ್ಸೆಗೆ ಬಗ್ಗದ ಡಿಪ್ರೆಶನ್‌ಗೆ ಸೈಲೊಸೈಬಿನ್ ಬರದು ಕೊಡಬಹುದು. ಕೆಲವು ಜಾತಿ ಅಣಬಿಯೊಳಗ ಇರೋ ರಾಸಾಯನಿಕ ಅದು, 1958ರಾಗ ಆಲ್ಬರ್ಟ್ ಹಾಫ್ಮನ್ ಅನ್ನೂ ಸ್ವಿಸ್ ವಿಜ್ಞಾನಿ ಬ್ಯಾರೆ ಮಾಡಿ ತಗದಿದ್ದು. ಆದ್ರ ಚಿಕಿತ್ಸೆಗೆ ಅಣಬಿ ಕೊಡೂದಿಲ್ಲ, ಅಳತಿ ಮಾಡಿದ ಕ್ಯಾಪ್ಸೂಲ್ ಕೊಡ್ತಾರ, ದೊಡ್ಡ ಪ್ರಯೋಗದೊಳಗ ಅದು 25 ಮಿಲಿಗ್ರಾಂ ಇತ್ತು. ನುಂಗಿ ಅರ್ಧ ತಾಸು ಒಂದು ತಾಸಿಗೆ ಶುರು ಆಗ್ತೈತಿ, ಎರಡು ಮೂರು ತಾಸಿಗೆ ಜೋರು ಏರ್ತೈತಿ, ಆರು ತಾಸು ಹಿಡೀತೈತಿ ಪೂರ್ತಿ ಇಳಿಯಾಕ. ಅಷ್ಟೂ ಹೊತ್ತು ಮಲಗಿರೂದು, ಕಣ್ಣಿಗೆ ಪಟ್ಟಿ, ಕಿವ್ಯಾಗ ಸಂಗೀತ, ಬಾಜೂಕ ಸಾಮಾನ್ಯವಾಗಿ ಇಬ್ಬರು ಥೆರಪಿಸ್ಟ್. ನಿಮ್ಮವ್ವ ತಿಳಕೊಂಡಂಗ ಎಚ್ಚರ ತಪ್ಪಿ ಬಿದ್ದಿರೂದಿಲ್ಲ, ಎಚ್ಚರ ಇರ್ತೈತಿ, ಆದ್ರ ತನ್ನ ಮೈ ಎಲ್ಲಿ ಮುಗೀತು ಹಾಸಿಗಿ ಎಲ್ಲಿಂದ ಶುರು ಆತು ಅನ್ನೂದು ಗೊತ್ತಾಗದಂಗ ಆಗಬಹುದು. ಹಳೇ ದುಃಖ ಎದ್ದು ಬರಬಹುದು, ನಾ ಸತ್ತ ಹೋದೆನೇನೋ ಅನ್ನೂವಷ್ಟು ಅಂಜಿಕಿ ಬರಬಹುದು. ಅಂಥಾ ಹೊತ್ತಿನ್ಯಾಗ ಮಾತು ತಲಿಗೆ ಇಳಿಯೂದಿಲ್ಲ. ಬಾವ್ಯಾಗ ಇಳದಾಂವಗ ಮ್ಯಾಲ ನಿಂತು ಎಷ್ಟು ಒದರಿದ್ರೇನು ಬಂತು, ಹಗ್ಗ ಬಿಗಿ ಐತಿ ಅಂತ ಅವನ ಕೈಗೆ ಗೊತ್ತಾಗಬೇಕು. ಆ ಹಗ್ಗದ ಕೆಲಸ ಮಾಡೂದು ಈ ಹಿಡದ ಕೈ.

ಹೆಂಗ ಹಿಡೀತಾರ ಅನ್ನೂದರಾಗ ಎಲ್ಲಾ ಐತಿ. ಕೆಲಸ ಬಲ್ಲವರು ಮ್ಯಾಲಿಂದ ಬಂದು ಗಬಕ್ಕನ ಕೈ ಹಿಡಿಯೂದಿಲ್ಲ. ತಮ್ಮ ಅಂಗೈ ಮ್ಯಾಲಮಾರಿ ಮಾಡಿ ಹಾಸಿಗಿ ಮ್ಯಾಲ, ಮಲಗಿದವರ ಕೈ ಬಾಜೂಕ ಇಡ್ತಾರ, "ನನ್ನ ಕೈ ಇಲ್ಲೇ ಐತಿ, ಬೇಕಾದ್ರ ಹಿಡ್ಕೋರಿ" ಅಂತ ಒಂದು ಸಲ ಹೇಳಿ ಸುಮ್ಮನ ಕೂಡ್ತಾರ. ಹಿಡಿಯೂದೂ ಬಿಡೂದೂ ಆಕಿ ಕೈಯಾಗ. ಮುಷ್ಟಿ ಹಿಡದ್ರ ಆಕಿ ಹಿಡದಷ್ಟ ಬಿಗಿ ಇವರೂ ಹಿಡೀತಾರ, ಸಡ್ಲ ಬಿಟ್ರ ಇವರೂ ಸಡ್ಲ. ಭುಜದ ಮ್ಯಾಲ, ಪಾದದ ಮ್ಯಾಲ ಕೈ ಇಡೂದೂ ಉಂಟು, ಅದೂ ಹೊದಿಕಿ ಮ್ಯಾಲಿಂದ, ಅಲುಗಾಡಿಸದ ಸುಮ್ಮನ ಇಡೂದು. ಅಮೆರಿಕಾದ ಒರೆಗಾನ್ ರಾಜ್ಯದಾಗ ಸೈಲೊಸೈಬಿನ್ ಕೇಂದ್ರಗಳಿಗೆ ನಿಯಮಾನ ಬರದಿಟ್ಟಾರ, ಮುಟ್ಟಬೇಕಂದ್ರ ಮೊದ್ಲ ಬರದು ಕೊಟ್ಟ ಒಪ್ಪಿಗಿ ಬೇಕು ಅಂತ.

ಈಗ ನಿಮ್ಮ ತಂಗಿ ಏನು ಬರೀಬೇಕು ಅಂತ. ಆ ಪುಟದಾಗ ಎಷ್ಟು ಬೇಕೋ ಅಷ್ಟಕ್ಕ ಹೂಂ ಅನ್ನಲಿ, ಸಂಶಯ ಇದ್ದದ್ದಕ್ಕೆಲ್ಲಾ ಬ್ಯಾಡ ಅಂತ ಬರೀಲಿ. ಪೂರ್ತಿ ಬ್ಯಾಡ ಅಂದ್ರೂ ನಡೀತೈತಿ. ಗುಳಿಗಿ ನುಂಗೂ ಮೊದ್ಲ ತಯಾರಿ ಸಲುವಾಗಿ ಭೇಟಿ ಇರ್ತಾವಲ್ಲ, ಅಲ್ಲಿ ಕಣ್ಣಿಗೆ ಪಟ್ಟಿ ಕಟಗೊಂಡು ಕೈ ಹಿಡಿಯೂದನ್ನ ಒಂದು ಸಲ ಪ್ರಾಕ್ಟೀಸ್ ಮಾಡಿಸ್ರಿ ಅಂತ ಆಕಿನ ಕೇಳಲಿ, ಆಗ ಮೈಗೆ ಹೆಂಗನಿಸ್ತೈತಿ ನೋಡಿ ಬೇಕಾದ್ರ ಬರದಿದ್ದನ್ನ ತಿದ್ದಲಿ. ನಿಲ್ಲಿಸ್ರಿ ಅನ್ನೂದಕ್ಕ ಒಂದು ಶಬ್ದ, ಮತ್ತ ಬಾಯಿ ಬರದಿದ್ರ ಕೈಲೆ ಒಂದು ಸನ್ನಿ ಮೊದ್ಲ ಗೊತ್ತು ಮಾಡ್ಕೋಬೇಕು. ಇನ್ನೊಂದು ಮಾತು ಆಕಿ ತಪ್ಪದ ಕೇಳಬೇಕು, ನಾ ಔಷಧದ ಅಮಲಿನ್ಯಾಗ ಇದ್ದಾಗ ಬರದಿದ್ದಕ್ಕಿಂತ ಹೆಚ್ಚು ಏನರ ಕೇಳಿದ್ರ, ಅಪ್ಪಿಕೋರಿ ಅಂತ ಕೇಳಿದ್ರ, ನೀವೇನು ಮಾಡ್ತೀರಿ ಅಂತ. "ಇವತ್ತ ಬ್ಯಾಡ, ಕೈ ಇಲ್ಲೇ ಐತಿ, ಉಳಿದದ್ದು ನಾಳೆ ಮಾತಾಡೂಣು" ಅನ್ನೂ ಉತ್ತರ ಬಂದ್ರ ಅವರು ಬಲ್ಲವರು. ಒಪ್ಪಿಗಿ ಅನ್ನೂದನ್ನ ಆ ದಿನ ಕಡಿಮಿ ಮಾಡಾಕ ಬರ್ತೈತಿ, ಹೆಚ್ಚು ಮಾಡಾಕ ಬರೂದಿಲ್ಲ. ಬ್ಯಾಡ ಅಂದ್ರ ಆ ಕ್ಷಣಾನ ಕೈ ತಗೀಬೇಕು, ಬೇಕು ಅಂದ್ರ ಬರದಿದ್ದಷ್ಟ.

ಇಷ್ಟು ಕಟ್ಟುನಿಟ್ಟು ಯಾಕ ಅಂದ್ರ, ತಪ್ಪು ಆಗ್ಯಾವ. ಕೆನಡಾದಾಗ 2015ರಾಗ ಎಂಡಿಎಂಎ ಅನ್ನೂ ಬ್ಯಾರೆ ಔಷಧದ ಪ್ರಯೋಗ ನಡದಿತ್ತು, ಮಾನಸಿಕ ಆಘಾತಕ್ಕ ಕೊಡೂದು ಅದು. ಅಲ್ಲಿ ಥೆರಪಿಸ್ಟ್ ಆಗಿದ್ದ ಗಂಡ ಹೆಂಡ್ತಿ ಇಬ್ಬರೂ ಪೇಶೆಂಟ್ ಹೆಣ್ಮಗಳನ್ನ ಒತ್ತಿ ಹಿಡದದ್ದು, ಮೈಗೆ ಮೈ ಹಚ್ಚಿ ಮಲಗಿದ್ದು ವಿಡಿಯೋದಾಗ ಸಿಕ್ತು, ವರ್ಷಗಟ್ಟಲೆ ಆದ ಮ್ಯಾಲ ಜಗತ್ತಿಗೆ ಗೊತ್ತಾತು. 2024ರ ಆಗಸ್ಟ್‌ನಾಗ ಆ ಪ್ರಯೋಗದ ಮಾಹಿತಿ ಸೇರಿದ್ದ ಮೂರು ಲೇಖನಗಳನ್ನ ವೈದ್ಯಕೀಯ ಪತ್ರಿಕೆಯವರ ಹಿಂದಕ್ಕ ತಗೊಂಡ್ರು. ಅದೇ ತಿಂಗಳು ಔಷಧಕ್ಕ ಒಪ್ಪಿಗಿ ಕೊಡೂ ಅಮೆರಿಕಾದ ಸರ್ಕಾರಿ ಸಂಸ್ಥೆ ಎಫ್‌ಡಿಎನೂ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗಿ ಕೊಡದ, ಇನ್ನೊಂದು ದೊಡ್ಡ ಪ್ರಯೋಗ ಮಾಡಿ ಬರ್ರಿ ಅಂತು. ಆ ಹೆಣ್ಮಗಳು ಬಾಯಿ ಬಿಟ್ಟು ಹೇಳಿದ್ದಕ್ಕ, ವಿಡಿಯೋ ಇದ್ದಿದ್ದಕ್ಕ ಇವತ್ತ ನಿಮ್ಮ ತಂಗಿ ಫಾರ್ಮ್‌ನಾಗ ಆ ಪುಟ ಐತಿ ಅಂತ ನಾ ತಿಳ್ಕೊಂಡೀನಿ. ಹಿಂಗಾಗಿ ಕೇಳಾಕ ಹೇಳ್ರಿ, ಕ್ಯಾಮೆರಾ ಇರ್ತೈತೇನು, ಅದು ಯಾರ ಕಡೆ ಇರ್ತೈತಿ, ಇಬ್ಬರೊಳಗ ಒಬ್ಬರರ ಹೆಣ್ಮಕ್ಕಳು ಇರ್ತಾರೇನು. ಸಂಕೋಚ ಪಡಬ್ಯಾಡ ಅಂತ ಹೇಳ್ರಿ ಆಕಿಗೆ.

ಆಸೆ ಎಷ್ಟು ಇಟ್ಕೋಬೇಕು ಅನ್ನೂದೂ ಹೇಳಿಬಿಡ್ತೀನಿ. 2022ರಾಗ ಬಂದ 233 ಮಂದಿ ಮ್ಯಾಲಿನ ಪ್ರಯೋಗದಾಗ, 25 ಮಿಲಿಗ್ರಾಂ ತಗೊಂಡವರೊಳಗ ಮೂರು ವಾರಕ್ಕ ನೂರಕ್ಕ 37 ಮಂದಿಗೆ ಛಲೋ ಫರಕ್ ಕಂಡಿತ್ತು, ನಾಮಕೇವಾಸ್ತೆ 1 ಮಿಲಿಗ್ರಾಂ ತಗೊಂಡವರೊಳಗ ನೂರಕ್ಕ 18. ಹನ್ನೆರಡು ವಾರದ ತನಕ ಆ ಫರಕ್ ಉಳದಿದ್ದು ಇನ್ನೂ ಕಡಿಮಿ ಮಂದಿಗೆ. ತಲಿಶೂಲಿ, ಹೊಟ್ಟಿ ತೊಳಸೂದು ಸಾಮಾನ್ಯ. ಅಂದ್ರ ಉಪಯೋಗ ಐತಿ, ಜಾದೂ ಅಲ್ಲ, ಮುಂದಿನ ವಾರಗಳೊಳಗ ಆಕಿ ಒಬ್ಬಾಕಿನ ಇರದಂಗ ನೋಡ್ಕೋರಿ, ದಿನಾ ಫೋನ್ ಮಾಡ್ರಿ.

ಅವ್ವಾರಿಗೆ ಒಂದು ಕೆಲಸ ಹೇಳ್ತೀನಿ. ಮನ್ಯಾಗ ಹಳೇ ಸೀರಿದು ಕೌದಿ ಇದ್ರ ಅದನ್ನ ಕಳಿಸಾಕ ಹೇಳ್ರಿ, ತಮ್ಮ ಸಾಮಾನು ಏನರ ತರಬಹುದೇನು ಅಂತ ತಂಗಿ ಥೆರಪಿಸ್ಟ್‌ಗೆ ಕೇಳಲಿ. ಅವ್ವನ ಸೀರಿ ವಾಸನಿ ಇರೋ ವಜ್ಜಾ ಹೊದಿಕಿ ಮೈ ಮ್ಯಾಲ ಇದ್ರ, ಅಲ್ಲಿ ಅವ್ವನ ಕೈಯೂ ಒಂದು ಇದ್ದಂಗ ಆತು.

ಪ್ರಶ್ನೆ: ಮೇಡಂ, ನಂಗೂ ಡಿಪ್ರೆಶನ್ ಐತಿ, ಗುಳಿಗಿ ತಗೋತೀನಿ. ಗೆಳೆಯಾ ಒಬ್ಬಾಂವ ಮ್ಯಾಜಿಕ್ ಮಶ್ರೂಮ್ ತರಸಿ ಕೊಡ್ತೀನಿ ಅಂತಾನ. ನನ್ನ ಹೆಂಡ್ತಿ ಬಾಜೂಕ ಕೈ ಹಿಡಕೊಂಡು ಕುಂತ್ರ ಮನ್ಯಾಗ ಮಾಡಬಹುದೇನ್ರಿ? ಗುಳಿಗಿ ಎಷ್ಟು ದಿನಾ ಮೊದ್ಲ ಬಿಡಬೇಕು?
(ಬೆಟಗೇರಿ, ಗದಗ)

ಉತ್ತರ: ಮಾಡಬ್ಯಾಡ್ರಿ. ಗುಳಿಗಿನೂ ಬಿಡಬ್ಯಾಡ್ರಿ.

ಮ್ಯಾಜಿಕ್ ಮಶ್ರೂಮ್‌ನಾಗ ಇರೂದು ಮ್ಯಾಲ ಹೇಳಿದ ಸೈಲೊಸೈಬಿನ್ನ, 1985ರ ಎನ್‌ಡಿಪಿಎಸ್ ಅನ್ನೂ ಮಾದಕ ವಸ್ತು ಕಾಯ್ದೆ ಪ್ರಕಾರ ನಮ್ಮ ದೇಶದಾಗ ಅದನ್ನ ಇಟ್ಕೊಳ್ಳೂದ ಅಪರಾಧ, ಅದು ಒಂದು. ಗೆಳೆಯಾ ತಂದಿದ್ದು ಯಾವ ಅಣಬಿ ಅಂತ ನಿಮಗೂ ತಿಳಿಯೂದಿಲ್ಲ ಅವಗೂ ತಿಳಿಯೂದಿಲ್ಲ, ವಿಷದ ಅಣಬಿ ತಿಂದ್ರ ಲಿವರ್ ಹೋಗ್ತೈತಿ. ಮನಿತನದಾಗ ಯಾರಿಗರ ಬೈಪೋಲಾರ್, ಸ್ಕಿಜೋಫ್ರೇನಿಯಾ ಇತ್ತಂದ್ರ ಹೊರದೇಶದ ಪ್ರಯೋಗದಾಗ ಸೈತ ಅವರನ್ನ ಸೇರಿಸ್ಕೊಳ್ಳೂದಿಲ್ಲ. ಲಿಥಿಯಂ ಗುಳಿಗಿ ತಗೊಳ್ಳೂವರಿಗೆ ಇದರ ಜೋಡಿ ಫಿಟ್ಸ್ ಬಂದಿದ್ದೂ ಐತಿ. ಡಿಪ್ರೆಶನ್ ಗುಳಿಗಿ ಒಮ್ಮೆಲೆ ಬಿಟ್ರ ತಲಿ ತಿರಗೂದು, ನಿದ್ದಿ ಕೆಡೂದು, ರೋಗ ಮತ್ತ ಜೋರಾಗೂದು. ಇಷ್ಟೆಲ್ಲಾ ಆದಾಗ ನಿಮ್ಮ ಹೆಂಡ್ತಿ ಬರೇ ಕೈ ಹಿಡದು ಏನು ಮಾಡ್ಯಾಳು ಪಾಪ. ಬಾವಿಗೆ ಹಗ್ಗ ಅಂತ ಮ್ಯಾಲ ಬರದೆ, ಆದ್ರ ಹಗ್ಗ ಹಿಡದಾಕಿಗೆ ಬಾವಿ ಎಷ್ಟು ಆಳ ಅನ್ನೂದು ಗೊತ್ತಿರಬೇಕಲ್ಲ. ಗುಳಿಗಿ ಹಿಡೀವಲ್ದು ಅನಿಸಿದ್ರ ಅದನ್ನ ಡಾಕ್ಟರ್‌ಗೆ ಬಿಚ್ಚಿ ಹೇಳ್ರಿ, ಡೋಸ್ ಬದಲಿ ಮಾಡಾಕ ಬರ್ತೈತಿ, ಗುಳಿಗಿ ಬದಲಿ ಮಾಡಾಕ ಬರ್ತೈತಿ, ನಮ್ಮಲ್ಲೇ ಇನ್ನೂ ದಾರಿ ಭಾಳ ಅದಾವ.

ಪ್ರಶ್ನೆ: ಅಕ್ಕಾ, ನಮ್ಮ ಮನಿಯವರಿಗೆ ಡಿಪ್ರೆಶನ್ ಭಾಳ ಜೋರಿತ್ತು, ಗುಳಿಗಿಗೆ ಬಗ್ಗಲಿಲ್ಲ ಅಂತ ಡಾಕ್ಟ್ರು ಆಸ್ಪತ್ರ್ಯಾಗ ಕೆಟಮಿನ್ ಸಲೈನ್ ಶುರು ಮಾಡ್ಯಾರ. ಮೊದಲನೇ ಸಲ ನಾನೂ ಬಾಜೂಕ ಕುಂತಿದ್ದೆ. ಕಣ್ಣು ಅರ್ಧ ತಗದು ಎಲ್ಲೋ ನೋಡ್ತಿದ್ರು, ನಂಗ ಜೀವಾ ತಡೀಲಿಲ್ಲ, ಗಲ್ಲಾ ತಟ್ಟಿ "ಏನ್ರಿ, ಏನಾತ್ರಿ" ಅಂದೆ, ಒಮ್ಮೆಲೆ ಚೀರಿ ನನ್ನ ಕೈ ಝಾಡಿಸಿದ್ರು. ಆಮ್ಯಾಲ ಅವರಿಗೆ ಅದು ನೆನಪೂ ಇಲ್ಲ. ಮುಂದಿನ ಸಲ ನಾ ಮುಟ್ಟಬೇಕೋ ಬ್ಯಾಡೋ?
(ಸಪ್ತಾಪುರ, ಧಾರವಾಡ)

ಉತ್ತರ: ತಂಗಿ, ನೀ ತಪ್ಪು ಮಾಡೀನಿ ಅಂತ ಮನಸ್ಸಿಗೆ ಹಚ್ಕೋಬ್ಯಾಡ. ಯಾರೂ ಹೇಳಿಕೊಡದಿದ್ದದ್ದು ನಿಂಗರ ಹೆಂಗ ಗೊತ್ತಾಗಬೇಕು.

ಕೆಟಮಿನ್ ಅನ್ನೂದು ಹಳೇ ಅರಿವಳಿಕೆ ಔಷಧ, ಆಪರೇಶನ್‌ಗೆ ಕೊಡೂದು. ಡಿಪ್ರೆಶನ್‌ಗೆ ಕೊಡೂದು ಸಣ್ಣ ಡೋಸ್, ಸಾಮಾನ್ಯವಾಗಿ ಮೈ ತೂಕದ ಒಂದು ಕಿಲೋಕ್ಕ ಅರ್ಧ ಮಿಲಿಗ್ರಾಂ ಲೆಕ್ಕದಾಗ, 40 ನಿಮಿಷ ಹನಿ ಹನಿ ಬಿಡ್ತಾರ. ಸೈಲೊಸೈಬಿನ್‌ನಂಗ ದಿನಾ ಪೂರ್ತಿ ಹಿಡಿಯೂದಿಲ್ಲ, ಆದ್ರ ಆ ನಲವತ್ತು ನಿಮಿಷದಾಗ ಮೈ ಬ್ಯಾರೆ ಕಡೆ, ತಾನು ಬ್ಯಾರೆ ಕಡೆ ಅನ್ನಿಸ್ತೈತಿ. ತೇಲಿದಂಗ, ಕೈಕಾಲು ತನ್ನದ ಅಲ್ಲದಂಗ. ಅಂಥಾದ್ದರಾಗ ಮುಖದ ಮ್ಯಾಲ ಪಟಪಟ ಅಂತ ಏನೋ ಬಡಿದ್ರ ಅದು ಹೆಂಡ್ತಿ ಕೈ ಅಂತ ಅವರಿಗೆ ಗೊತ್ತಾಗೂದ್ಹೆಂಗ? ಮುಖ ಮುಟ್ಟೂದು ಎಚ್ಚರ ಇದ್ದವರಿಗೂ ಭಾರೀನ, ಅದರಾಗ ತಟ್ಟೂದು ಅಂದ್ರ "ಏಳ್ರಿ, ಹೊರಗ ಬರ್ರಿ" ಅಂತ ಎಬ್ಬಿಸಿದಂಗ. ಅವರನ್ನ ಆಗ ಎಬ್ಬಿಸೂದು ಬ್ಯಾಡ, ಅವರ ಜೋಡಿ ಇದ್ರ ಸಾಕು.

ಮುಟ್ಟಬಹುದು, ಆದ್ರ ಹಿಂಗ. ಹಿಂದಿನ ದಿನಾನ ಮನ್ಯಾಗ ಚಹಾ ಕುಡಿಯೂವಾಗ ಕೇಳು, "ನಾಳೆ ನಾ ಕೈ ಹಿಡಕೊಂಡು ಕೂಡ್ಲ್ಯಾ, ಯಾವ ಕೈ, ಬರೇ ಕೂಡ್ಲ್ಯಾ" ಅಂತ. ಅವರು ಏನಂತಾರೋ ಅದ. ನರ್ಸ್‌ಗೂ ಡಾಕ್ಟರ್‌ಗೂ ಹೇಳಿಡು. ಸೂಜಿ ಇರೋ ಕೈ, ಬಿಪಿ ಪಟ್ಟಿ ಕಟ್ಟಿದ ಕೈ ಬಿಟ್ಟು ಇನ್ನೊಂದು ಬಾಜೂಕ ಕೂಡು, ಆ ಔಷಧಕ್ಕ ಬಿಪಿ ಒಂದಷ್ಟು ಹೊತ್ತು ಏರ್ತೈತಿ, ಹಿಂಗಾಗಿ ಅವರು ಘಳಿಗಿಗೊಮ್ಮೆ ನೋಡ್ತಿರ್ತಾರ, ನಾವು ಅಡ್ಡ ಆಗಬಾರದು. ಮೊದ್ಲ ಧ್ವನಿ, ಆಮ್ಯಾಲ ಕೈ. ಸಣ್ಣ ಧ್ವನಿಲೆ "ನಾ ಇಲ್ಲೇ ಅದೀನಿ, ಕೈ ಮ್ಯಾಲ ಕೈ ಇಡ್ತೀನಿ" ಅನ್ನು, ಒಂದು ಉಸಿರಿನಷ್ಟು ತಡಿ, ಆಮ್ಯಾಲ ಇಡು. ಇಟ್ಟ ಮ್ಯಾಲ ಅಲುಗಾಡಿಸಬ್ಯಾಡ. ತಗಿಯೂವಾಗೂ ಹೇಳಿ ತಗಿ, ಒಮ್ಮೆಲೆ ತಗದ್ರ ಬಿಟ್ಟು ಹೋದಂಗ ಅನಿಸ್ತೈತಿ.

ನೇವರಿಸೂದು ಅವರಿಗೆ ಸೇರ್ತೈತಿ ಅಂದ್ರ ಅದಕ್ಕೊಂದು ವೇಗ ಐತಿ, ಇದು ನಂಗ ಭಾಳ ಇಷ್ಟದ ವಿಷಯ. ನಮ್ಮ ಕೂದಲಿರೋ ಚರ್ಮದಾಗ ಒಂದು ಜಾತಿ ಸಣ್ಣ ನರ ಅದಾವ, ಸಿ-ಟ್ಯಾಕ್ಟೈಲ್ ಅಂತಾರ. ಚುಚ್ಚಿದ್ದು ಉರಿದದ್ದು ಹೇಳೂ ನರ ಅಲ್ಲ ಅವು, ಮೆಲ್ಲಕ ನೇವರಿಸಿದ್ದಕ್ಕ ಮಾತ್ರ ಜೋರು ಎಚ್ಚರ ಆಗೂವು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ಒಳಗ ನೇವರಿಸಿದ್ರ ಅವಕ್ಕ ತಿಳೀತೈತಿ, ಭಾಳ ಛಲೋ ಅಂದ್ರ 3 ಸೆಂಟಿಮೀಟರ್ ಆಜೂಬಾಜು, ಅದೂ ಕೈ ಬೆಚ್ಚಗಿದ್ರ. ಅಂದ್ರ ಮೊಣಕೈಯಿಂದ ಮಣಿಕಟ್ಟಿನ ತನಕ ಬರಾಕ ಎಂಟು ಸೆಕೆಂಡು, ನಿಧಾನಕ್ಕ ಎರಡು ಸಲ ಓಂ ನಮಃ ಶಿವಾಯ ಅಂದಷ್ಟು ಹೊತ್ತು. ಎಣ್ಣಿ ಹಚ್ಚಿ ಎರೆಯೂವಾಗ ನಮ್ಮ ಆಯಿಗಳ ಕೈ ಹಂಗ ಓಡತಿತ್ತಲ್ಲ, ಅವಸರ ಇಲ್ಲದ್ದು, ಆ ವೇಗ. ಏಸಿ ರೂಮಿನ್ಯಾಗ ನಿನ್ನ ಕೈ ತಣ್ಣಗಿದ್ರ ಅಂಗೈ ತಿಕ್ಕಿ ಬೆಚ್ಚಗ ಮಾಡ್ಕೋ ಮೊದ್ಲ.

ನಿನ್ನ ಕೈಗೆ ಬೆಲಿ ಐತಿ, ಅದನ್ನೂ ಹೇಳ್ತೀನಿ. 2006ರಾಗ ಅಮೆರಿಕಾದ ಜೇಮ್ಸ್ ಕೋನ್ ಅನ್ನೂ ವಿಜ್ಞಾನಿ 16 ಮಂದಿ ಮದುವಿ ಆದ ಹೆಣ್ಮಕ್ಕಳನ್ನ ಸ್ಕ್ಯಾನಿಂಗ್ ಮಶೀನಿನ್ಯಾಗ ಮಲಗಿಸಿ, ಕಾಲಿಗೆ ಸಣ್ಣ ಕರೆಂಟ್ ಹೊಡಿಯೂದೈತಿ ಅಂತ ಹೇಳಿ ಮೆದುಳು ನೋಡಿದ. ಯಾರ ಕೈಯೂ ಹಿಡೀದ ಇದ್ದಾಗ ಅಂಜಿಕಿ ಹೆಚ್ಚು, ಗುರುತಿಲ್ಲದವರ ಕೈ ಹಿಡದಾಗ ಸ್ವಲ್ಪ ಕಡಿಮಿ, ಗಂಡನ ಕೈ ಹಿಡದಾಗ ಭಾಳ ಕಡಿಮಿ. ಅದರಾಗೂ ಸಂಸಾರ ಎಷ್ಟು ಛಲೋ ಇತ್ತೋ ಅಷ್ಟು ಮೆದುಳು ಶಾಂತ. ನಿನ್ನ ಕೈ ನಡಗಾಕತ್ತಿದ್ರ ಮಾತ್ರ ಹೊರಗ ಹೋಗಿ ಒಂದು ಗುಟುಕು ನೀರು ಕುಡದು ಬಾ, ಅವರ ಮೈಗೆ ಅದೂ ಗೊತ್ತಾಗ್ತೈತಿ. ಮತ್ತ ಅವತ್ತ ಅವರ ಕೈಗೆ ಗಾಡಿ ಚಾವಿ ಕೊಡಬ್ಯಾಡ.

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ. ಸೈಕಿಯಾಟ್ರಿ ಪೋಸ್ಟಿಂಗ್‌ನಾಗ ಪೇಶೆಂಟ್ ಅಳೂವಾಗ ನಂಗ ಬೆನ್ನು ಸವರಿ ಸಮಾಧಾನ ಮಾಡಬೇಕು ಅನಿಸ್ತೈತಿ, ಆದ್ರ ಕೆಲವರು ಮುಟ್ಟಬ್ಯಾಡ ಅಂತಾರ ಕೆಲವರು ಮುಟ್ಟಿದ್ರ ಏನಾತು ಅಂತಾರ. ಗಂಡಸು ಪೇಶೆಂಟ್ ಇದ್ರ ಇನ್ನೂ ಗೊಂದಲ. ಮುಂದ ನಮ್ಮ ದೇಶಕ್ಕೂ ಸೈಕೆಡೆಲಿಕ್ ಚಿಕಿತ್ಸೆ ಬಂದ್ರ ನಾವ ಅಲ್ಲಿ ಕೂಡಬೇಕಲ್ಲ, ಈಗಿಂದ ಏನು ಕಲೀಬೇಕು?
(ಗದಗ)

ಉತ್ತರ: ನಿನ್ನ ಪತ್ರ ಓದಿ ನಂಗ ನನ್ನ ಹಳೇ ದಿನಾ ನೆನಪಾತು ಮಗಳ. ಒಂದು ಸಂಗತಿ ಹೇಳ್ತೀನಿ, ಯಾವ ಆಸ್ಪತ್ರಿ ಅಂತ ಕೇಳಬ್ಯಾಡ.

ನಾ ಕೆಲಸಕ್ಕ ಸೇರಿ ಏಳೆಂಟು ವರ್ಷ ಆಗಿತ್ತು, ಎಲ್ಲಾ ಬಲ್ಲೆ ಅಂತ ತಿಳ್ಕೊಂಡಿದ್ದೆ. ಒಂದು ರಾತ್ರಿ ಪಾಳ್ಯಾಗ ಒಬ್ಬಾಕಿ ಹೆಣ್ಮಗಳು ಹಾಸಿಗಿ ಮ್ಯಾಲ ಎದ್ದು ಕುಂತು ಥರಥರ ನಡಗಾಕತ್ತಿದ್ಲು, ಬಾಯಿಗೆ ಮಾತು ಬರವಲ್ದು. ನಾ ಓಡಿ ಹೋಗಿ ಎರಡೂ ಭುಜ ಒತ್ತಿ ಹಿಡದು "ಏನೂ ಆಗಿಲ್ಲವ್ವ, ಸಮಾಧಾನ, ಸಮಾಧಾನ" ಅಂತ ಮಲಗಿಸಿದೆ. ಆಕಿ ಮೈ ಕಟಗಿ ಆತು, ಸುಮ್ಮನಾದ್ಲು. ನಂಗ ಹೆಮ್ಮಿ ಅನಿಸ್ತು, ಎಷ್ಟು ಲಗೂನ ಶಾಂತ ಮಾಡಿದೆ ಅಂತ. ಡಿಸ್ಚಾರ್ಜ್ ದಿನಾ ಆಕಿ ನನ್ನ ಬಾಜೂಕ ಕರದು ಸಾವಕಾಶ ಹೇಳಿದ್ಲು, "ಸಿಸ್ಟರ್, ನಮ್ಮ ಮನಿಯವರು ಹೊಡಿಯೂ ಮೊದ್ಲ ನನ್ನ ಹಂಗ ಹಿಡೀತಾರ್ರಿ." ಸಿಟ್ಟಿಲೆ ಹೇಳಲಿಲ್ಲ, ಇನ್ನೊಬ್ಬರಿಗೆ ಹಂಗ ಮಾಡಬಾರದು ಅಂತ ಹೇಳಿದ್ಲು. ಅವತ್ತ ಆಕಿ ಸುಮ್ಮನಾಗಿದ್ದು ಸಮಾಧಾನ ಅಲ್ಲ, ಅಂಜಿಕಿ. ಅದನ್ನ ನಾ ಸಮಾಧಾನ ಅಂತ ಕೇಸ್ ಶೀಟಿನ್ಯಾಗ ಬರದಿದ್ದೆ. ಇವತ್ತಿಗೂ ಆ ಸಾಲು ನನ್ನ ಕಣ್ಮುಂದ ಬರ್ತೈತಿ.

ಅವತ್ತಿಂದ ನಾ ಕಲ್ತಿದ್ದು ಇಷ್ಟು. ನಿಂತು ಕೇಳಬ್ಯಾಡ, ಅವರ ಕಣ್ಣಿನ ಎತ್ತರಕ್ಕ ಕುಂತು ಕೇಳು, ಎದುರಿಗೆ ಅಲ್ಲ ಬಾಜೂಕ, ಅವರಿಗೆ ಬಾಗಲಾ ಕಾಣೂಹಂಗ. "ಮುಟ್ಲ್ಯಾ" ಅಂತ ಒಂದ ಪ್ರಶ್ನೆ ಕೇಳಿದ್ರ ನಮ್ಮ ಕಡೆ ಮಂದಿ ಸಿಸ್ಟರ್‌ಗೆ ಇಲ್ಲಾ ಅನ್ನಾಕ ಸಂಕೋಚ ಪಡ್ತಾರ, ಹೂಂ ಅಂದುಬಿಡ್ತಾರ. ಹಿಂಗಾಗಿ ಆರಿಸಾಕ ಕೊಡಬೇಕು, "ಬಾಜೂಕ ಕೂಡ್ಲೋ, ಕೈ ಹಿಡೀಲೋ, ಸ್ವಲ್ಪ ದೂರ ಕುರ್ಚಿ ಹಾಕ್ಕೊಂಡು ಇರ್ಲೋ" ಅಂತ. ಉತ್ತರ ಬರದಿದ್ರ ಅದು ಹೂಂ ಅಲ್ಲ, ದೂರದ ಕುರ್ಚಿ. ಕೈ ಹಿಡದ ಮ್ಯಾಲ ಅವರ ಬೆರಳು ನೋಡು, ಉಸಿರು ನೋಡು, ಕಾಲಿನ ಬಟ್ಟು ನೋಡು. ಬೆರಳು ನಿನ್ನ ಕೈಯಾಗ ಸತ್ತಂಗ ಬಿದ್ದಿದ್ರ, ಉಸಿರು ಮ್ಯಾಲ ನಿಂತಿದ್ರ, ಬಾಯಿಲೆ ಹೂಂ ಅಂದಿದ್ರೂ ಕೈ ತಗಿ.

ಬೆನ್ನು ಸವರೂದರ ಬಗ್ಗೆ ಕೇಳಿದೆಲ್ಲ. ನಾವು ಬೆನ್ನು ತಟ್ಟೂದು ಭಾಳ ಸಲ ಅವರ ಅಳು ನಮಗ ತಡಕೊಳ್ಳಾಕ ಆಗದ್ದಕ್ಕ. "ಸಾಕು, ಅಳಬ್ಯಾಡ" ಅಂತ ಕೈ ಹೇಳ್ತಿರ್ತೈತಿ. ಸೈಕೆಡೆಲಿಕ್ ಚಿಕಿತ್ಸ್ಯಾಗ ಇದು ಇನ್ನೂ ಮುಖ್ಯ, ಅಲ್ಲಿ ಅಳು ಬರೂದ ಕೆಲಸ, ಆ ಹೊತ್ತಿನ್ಯಾಗ ಅವಸರದ ಕೈ ಬಂದು ಮುಚ್ಚಿಬಿಟ್ರ ಎದ್ದಿದ್ದು ಮತ್ತ ಒಳಗ ಹೋಗಿ ಕೂಡ್ತೈತಿ. ಕೈ ಚಾಚೂ ಮೊದ್ಲ ಒಂದು ಉಸಿರು ತಗೊಂಡು ಇದು ಯಾರ ಸಲುವಾಗಿ ಅಂತ ಕೇಳ್ಕೋ.

ಗಂಡಸು ಪೇಶೆಂಟ್ ಇದ್ರ ಇನ್ನೊಬ್ಬ ಸ್ಟಾಫ್ ಇರೂವಾಗ ಮಾತ್ರ, ಅಂಗೈ ಚಾಚಿ ಅವರು ಹಿಡದಷ್ಟ. ಅಪ್ಪಿಕೊಳ್ಳೂದು ಬ್ಯಾಡ, ಅವರ ಕೇಳಿದ್ರೂ. ಏನು ಮುಟ್ಟಿದಿ, ಎಷ್ಟು ಹೊತ್ತು, ಅವರು ಏನಂದ್ರು, ಮೂರೂ ನೋಟ್ಸ್‌ನಾಗ ಬರಿ. 2017ರ ಮಾನಸಿಕ ಆರೋಗ್ಯ ಕಾಯ್ದೆನೂ ಒಂದು ಸಲ ಓದು ಪುಟ್ಟಿ. ಒತ್ತಿ ಹಿಡಿಯೂದು ಅಂದ್ರ ಸಮಾಧಾನ ಅಲ್ಲ, ಕಾಯ್ದೆ ಭಾಷೆದಾಗ ಅದು ಕಟ್ಟಿ ಹಾಕಿದ ಲೆಕ್ಕ. ಬ್ಯಾರೆ ಉಪಾಯನ ಇಲ್ಲದ, ಅವರಿಗೋ ಮತ್ತೊಬ್ಬರಿಗೋ ಈಗಿಂದೀಗ ಅಪಾಯ ಇದ್ದಾಗ ಮಾತ್ರ, ಸೈಕಿಯಾಟ್ರಿಸ್ಟ್ ಒಪ್ಪಿಗಿ ಮ್ಯಾಲ, ದಾಖಲೆ ಬರದು ಮಾಡಬೇಕಾದದ್ದು.

ಪ್ರಶ್ನೆ: ಅಕ್ಕಾ, ನಂಗ 24 ವರ್ಷ. ಸಣ್ಣಾಕಿ ಇದ್ದಾಗ ಬಳಗದವನೊಬ್ಬ ನನ್ನ ಜೋಡಿ ಕೆಟ್ಟದಾಗಿ ನಡ್ಕೊಂಡಿದ್ದ, ಮನ್ಯಾಗ ಯಾರಿಗೂ ಹೇಳಿಲ್ಲ. ಈಗ ಡಿಪ್ರೆಶನ್‌ಗೆ ಗುಳಿಗಿ, ಕೌನ್ಸೆಲಿಂಗ್ ನಡದೈತಿ. ಯಾರರ ಮುಟ್ಟಿದ್ರ, ಅವ್ವ ತಲಿ ಸವರಿದ್ರೂ, ಮೈ ಬಿಗೀತೈತಿ. ಸ್ಪರ್ಶದಿಂದ ಮನಸ್ಸು ಹಗುರ ಆಗ್ತೈತಿ ಅಂತ ಎಲ್ಲಾ ಕಡೆ ಓದ್ತೀನಿ, ಹಂಗಾದ್ರ ನಂಗ ಗುಣ ಆಗೂದ ಇಲ್ಲೇನು?
(ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಆಗ್ತೈತಿ ತಂಗಿ. ಯಾರೂ ಮುಟ್ಟದನೂ ಆಗ್ತೈತಿ. ಸ್ಪರ್ಶ ಇಲ್ಲದ ಚಿಕಿತ್ಸೆ ಅಂದ್ರ ಅರ್ಧ ಚಿಕಿತ್ಸೆ ಅಂತ ಯಾರರ ಹೇಳಿದ್ರ ನಂಬಬ್ಯಾಡ. ನಿನ್ನ ಮೈ ಬಿಗಿಯೂದು ರೋಗ ಅಲ್ಲ, ಅದು ನಿನ್ನ ಕಾಯಾಕ ನಿಂತೈತಿ, ಕಾಯೂವರು ಯಾರೂ ಇಲ್ಲದಾಗಿಂದ ನಿಂತೈತಿ. ನಿನ್ನ ಕೌನ್ಸೆಲರ್‌ಗೆ "ನನ್ನ ಮುಟ್ಟಬ್ಯಾಡ್ರಿ" ಅಂತ ಒಂದು ಸಲ ಹೇಳಿಬಿಡು, ಕಾರಣ ಹೇಳಬೇಕಂತಿಲ್ಲ. ಆಗಿದ್ದನ್ನ ಹೇಳೂದು ಯಾವಾಗ, ಯಾರಿಗೆ, ಎಷ್ಟು ಅನ್ನೂದೂ ನಿಂದ.

ನಿನ್ನ ಕೈ ನಿನ್ನದ ಐತಲ್ಲ, ಅದರಿಂದ ಶುರು ಮಾಡೂಣು. ಜರ್ಮನಿಯಾಗ 2021ರಾಗ 159 ಮಂದಿಗೆ ಒಂದು ಪರೀಕ್ಷೆ ಮಾಡಿದ್ರು, ಗಾಬರಿ ಹುಟ್ಟಿಸೂ ಕೆಲಸಕ್ಕ ಮೊದ್ಲ ಕೆಲವರಿಗೆ ಅಪ್ಪುಗಿ ಕೊಟ್ರು, ಕೆಲವರಿಗೆ ತಾವ ತಮ್ಮ ಎದಿ ಮ್ಯಾಲ ಒಂದು ಕೈ ಹೊಟ್ಟಿ ಮ್ಯಾಲ ಒಂದು ಕೈ ಇಟ್ಕೊಂಡು 20 ಸೆಕೆಂಡು ಇರ್ರಿ ಅಂದ್ರು. ಏನೂ ಮಾಡದವರಿಗಿಂತ ಈ ಎರಡೂ ಗುಂಪಿನವರಿಗೆ ಒತ್ತಡದ ಹಾರ್ಮೋನು, ಕಾರ್ಟಿಸಾಲ್, ಕಡಿಮಿ ಇತ್ತು. ಅಂದ್ರ ಇನ್ನೊಬ್ಬರ ಕೈನ ಬೇಕು ಅಂತಿಲ್ಲ. ಹಾಸಿಗ್ಯಾಗ ಬ್ಯಾಡ, ಹಗಲು ಹೊತ್ತು ಕುರ್ಚಿ ಮ್ಯಾಲ ಕುಂತು, ಕಣ್ಣು ತಗದು ಮಾಡು. ಎದಿ ಮ್ಯಾಲ ಕೈ ಇಡೂದು ಸೇರದಿದ್ರ ಎಡಗೈ ತೋಳು ಬಲಗೈಲೆ ಹಿಡಕೋ, ಅದೂ ಸೇರದಿದ್ರ ಅಂಗೈಗೆ ಅಂಗೈ ಹಚ್ಚು. ಚಿಟ್ಟಿ ಅಪ್ಪುಗಿ ಅಂತ ಇನ್ನೊಂದೈತಿ, 1998ರಾಗ ಮೆಕ್ಸಿಕೋದ ಅಕಾಪುಲ್ಕೋದಾಗ ಚಂಡಮಾರುತಕ್ಕ ಸಿಕ್ಕು ಎಲ್ಲಾ ಕಳಕೊಂಡವರಿಗೆ ಲೂಸಿನಾ ಆರ್ಟಿಗಾಸ್ ಅನ್ನೂ ಹೆಣ್ಮಗಳು ಕಲಿಸಿದ್ದು. ಎರಡೂ ಕೈ ಎದಿ ಮ್ಯಾಲ ಅಡ್ಡ ಹಾಕಿ, ಬೆರಳ ತುದಿ ಕೊರಳ ಎಲುಬಿನ ಕೆಳಗ ಬರೂಹಂಗ ಇಟ್ಟು, ಒಂದಾದ ಮ್ಯಾಲ ಒಂದು ಮೆಲ್ಲಕ ತಟ್ಟೂದು, ಚಿಟ್ಟಿ ರೆಕ್ಕಿ ಬಡದಂಗ. ತಟ್ಟೂವಾಗ ಹಳೇದು ನುಗ್ಗಿ ಬರಾಕತ್ರ ಅಲ್ಲೇ ನಿಲ್ಲಿಸು. ತಣ್ಣೀರು ತುಂಬಿದ ಸ್ಟೀಲ್ ತಂಬಿಗಿ ಎರಡೂ ಕೈಲೆ ಹಿಡಕೋ, ಅಂಗಾಲು ನೆಲಕ್ಕ ಒತ್ತು, ರೂಮಿನ್ಯಾಗ ಕಾಣೂ ಐದು ಸಾಮಾನಿನ ಹೆಸರು ಬಾಯಿಲೆ ಹೇಳು. ಮುಂದಿನ ಭೇಟ್ಯಾಗ ಕೌನ್ಸೆಲರ್ ಇದ್ದಾಗ ಮಾತ್ರ ಮತ್ತ ಮಾಡಿ ನೋಡು.

ಅವ್ವಗ ಹೇಳಾಕ ದಾರಿ ಒಂದೈತಿ, ಎಲ್ಲಾ ಹೇಳಬೇಕಂತಿಲ್ಲ. "ಅವ್ವಾ, ತಲಿ ಮುಟ್ಟೂ ಮೊದ್ಲ ನನ್ನ ಹೆಸರು ಕರಿ" ಅಂತ ಇಷ್ಟ ಹೇಳು. ಹಿಂದಿನಿಂದ ಬರೂ ಕೈ ಬ್ಯಾರೆ, ಹೆಸರು ಕರದು ಮುಂದಿನಿಂದ ಬರೂ ಕೈ ಬ್ಯಾರೆ. ರಾತ್ರಿ ಭಾಳ ಕಷ್ಟ ಆದ್ರ 14416ಕ್ಕ ಫೋನ್ ಮಾಡು, ಟೆಲಿಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಇಪ್ಪತ್ನಾಕು ತಾಸು ಇರ್ತೈತಿ, ಕನ್ನಡದಾಗ ಮಾತಾಡ್ತಾರ.

ಪ್ರಶ್ನೆ: ಅಕ್ಕಾರ, ನಮ್ಮಪ್ಪ ರೈತ. ಉಳ್ಳಾಗಡ್ಡಿ ರೇಟ್ ಬಿದ್ದ ಮ್ಯಾಲ ಯಾರ ಜೋಡಿನೂ ಮಾತಾಡವಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗಿರ್ತಾನ. ದವಾಖಾನಿಗೆ ಬಾ ಅಂದ್ರ ನಂಗೇನಾಗೈತಿ ಅಂತಾನ. ಇಂಥಾ ದೊಡ್ಡ ಚಿಕಿತ್ಸೆ ನಮಗೆಲ್ಲಿಂದ, ಮನ್ಯಾಗ ನಾ ಏನು ಮಾಡ್ಲಿ?
(ರೋಣ ತಾಲೂಕು, ಗದಗ ಜಿಲ್ಲೆ)

ಉತ್ತರ: ಮೊದ್ಲ ಇವತ್ತ ಸಂಜಿಕ ಹೊಲಕ್ಕ ಹೊಡಿಯೂ ಎಣ್ಣಿ ಡಬ್ಬಿ ಎಲ್ಲಾ ಮನಿಯಿಂದ ತಗದು ಬ್ಯಾರೆ ಕಡೆ ಕೀಲಿ ಹಾಕಿಡು, ಕೀಲಿ ನಿನ್ನ ಕಡೆ ಇರಲಿ. ಸಾಯೂ ವಿಚಾರ ಏನರ ಬರ್ತಾವೇನಪ್ಪಾ ಅಂತ ನೆಟ್ಟಗ ಕೇಳು, ಕೇಳಿದ್ರ ಅಂಥಾ ವಿಚಾರ ಹೊಸದಾಗಿ ಹುಟ್ಟೂದಿಲ್ಲ. ಹೂಂ ಅಂದ್ರ ಒಬ್ಬನ್ನ ಬಿಡಬ್ಯಾಡ, ಅವತ್ತ ದವಾಖಾನಿಗೆ ಕರಕೊಂಡು ಹೋಗು, ಗದಗ ಜಿಮ್ಸ್ ಆದ್ರೂ ಸರಿ, ಧಾರವಾಡದ ಡಿಮ್ಹಾನ್ಸ್ ಆದ್ರೂ ಸರಿ. ಅವರು ಬರಾಕ ಒಪ್ಪದಿದ್ರ ನೀನ 14416ಕ್ಕ ಫೋನ್ ಹಚ್ಚಿ ಕೇಳು, ಮನಿಯವರೂ ಮಾಡಬಹುದು. ನಿಮ್ಮಪ್ಪಗ ದೊಡ್ಡ ಚಿಕಿತ್ಸೆ ಬ್ಯಾಡ ಅನಸ್ತೈತಿ ನಂಗ, ಸಾದಾ ಗುಳಿಗಿ, ಮಾತು, ನಿದ್ದಿ, ಇವುದರಿಂದನ ಭಾಳ ಮಂದಿ ಎದ್ದು ಕುಂತಾರ.

ಕೈಯಿಂದ ಮಾಡೂದು ಕೇಳಿದ್ರ, ನಮ್ಮ ಕಡೆ ಅಪ್ಪನ ಭುಜದ ಮ್ಯಾಲ ಕೈ ಹಾಕೂ ರೂಢಿ ಇಲ್ಲ, ಕಾಲು ಒತ್ತೂ ರೂಢಿ ಐತಿ. ಉಂಡ ಮ್ಯಾಲ ಹಾಸಿಗಿ ತುದಿಗೆ ಕುಂತು "ಕಾಲು ಒತ್ತಲೇನಪ್ಪಾ" ಅಂತ ಕೇಳು. ಬ್ಯಾಡ ಅಂದ್ರ ಅಲ್ಲೇ ಸ್ವಲ್ಪ ಹೊತ್ತು ಕುಂತು ಎದ್ದು ಬಾ, ನಾಳೆ ಮತ್ತ ಕೇಳು. ಕಾಲು ಚಾಚಿದ್ರ ಮೆಲ್ಲಕ ಒತ್ತು, ದವಾಖಾನಿ ಮಾತು ಆವಾಗ ತಗಿ.